ಒಂಬತ್ತು ಬಳುಕಿನ ಮದುಮಗ

ಅಜೀಜಿಯಾ, ಜಿದ್ದಾ
೧೪ ನವೆಂಬರ್ ೨೦೨೪, ಗುರುವಾರ

ನನ್ನ ಮುದ್ದು ಅಸೀಲಾ,

ನಿನಗೂ ಮೂಸಾ ಮಾಮನ ಮನೆಯವರಿಗೆಲ್ಲರಿಗೂ ಉಮ್ಮನ ಸಲಾಂ. ಇಲ್ಲಿ ನಾವಿಬ್ಬರೂ ಆರಾಮವಾಗಿದ್ದೇವೆ. ನೀನು ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ನಿನ್ನ ಬಾಪನ ಮೊಣಕಾಲು ನೋವು ಕಡಿಮೆಯಾಗುತ್ತದೆ, ಮಾಡದಿದ್ದರೆ ಹೆಚ್ಚಾಗುತ್ತದೆ. ಅವರು ಮಾಡುವುದಿಲ್ಲ. ಫಿಸಿಯೋಥೆರಪಿ ಕಲಿತ ಮಗಳು ಮನೆಯಲ್ಲಿದ್ದರೆ ಮಾಡುತ್ತಿದ್ದರಂತೆ.

ಮೂರು ವಾರದಿಂದ ನಿನ್ನ ಫೋನು ಎತ್ತದೆ, ಕೆಲಸದಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ಮೆಸೇಜು ಕಳಿಸಿ ತಪ್ಪಿಸಿಕೊಂಡದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಇಬ್ಬರೇ ಇರುವ ಮನೆಯಲ್ಲಿ ಮೂರು ವಾರ ಮುಗಿಯದ ಕೆಲಸ ಎಂತದು ಎಂದು ನೀನು ಕೇಳಲಿಲ್ಲ.

ಕಾಗದ ಏಕೆ ಎಂದು ಆಶ್ಚರ್ಯಪಡಬೇಡ. ಮೊಬೈಲಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಮುಗಿಸಿಬಿಡುತ್ತೀ. ಕನ್ನಡವನ್ನಾದರೆ ನೀನು ಅಕ್ಷರ ಅಕ್ಷರ ಕೂಡಿಸಿ ನಿಧಾನಕ್ಕೆ ಓದುತ್ತೀ, ಈ ಸಲ ನನಗೆ ಆ ನಿಧಾನ ಬೇಕು. ಈ ಊಟದ ಮೇಜಿನಲ್ಲೇ ಅಲ್ಲವಾ ನಿನ್ನನ್ನು ಕೂರಿಸಿ ಒತ್ತಕ್ಷರ ಕಲಿಸಿದ್ದು? ಸ್ಕೂಲಿನಲ್ಲಿ ಯಾರಿಗೂ ಇಲ್ಲದ ಕಷ್ಟ ನನಗೆ ಮಾತ್ರ ಯಾಕೆ ಎಂದು ಅಳುತ್ತಿದ್ದಿ. ಇದಕ್ಕೇ ಇತ್ತೆಂದು ಈಗ ತಿಳಿದುಕೋ. ಅಯ್ಯೂಬ್ ಮಾಮನ ಹೆಂಡತಿ ಶನಿವಾರ ಊರಿಗೆ ಹೊರಡುತ್ತಾಳೆ, ಅವಳ ಕೈಯಲ್ಲಿ ಖರ್ಜೂರದ ಡಬ್ಬಿಯ ಜೊತೆ ಇದನ್ನು ಕಳಿಸುತ್ತೇನೆ.

ಕಳೆದ ಸಲ ಮಾತಾಡಿದಾಗ ನೀನು ಎರಡು ಪ್ರಶ್ನೆ ಕೇಳಿದ್ದಿ. ಮದುಮಗನೇ ಇಲ್ಲದ ಮದುವೆ ಎಂತಕ್ಕೆ ಉಮ್ಮಾ ಎಂಬುದು ಒಂದು. ಇನ್ನೊಂದು ನಿನಗೂ ನೆನಪಿದೆ, ನನಗೂ ನೆನಪಿದೆ. ಮೊದಲನೆಯದಕ್ಕೆ ಈಗ ಉತ್ತರ ಬರೆಯುತ್ತೇನೆ. ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ, ಅಷ್ಟರಲ್ಲಿ ಸ್ವಲ್ಪ ಧೈರ್ಯ ಬರಲಿ.

ಆ ದಿನ ನಾನು ನಿನ್ನ ಮೇಲೆ ರೇಗಿದ್ದೆ. ಮದುಮಗನಾಗಬೇಕಾದ ಫವಾಝ್ ಇಲ್ಲಿಯ ಅಲ್ ಖೋಬರಿನಲ್ಲಿ ಹಳೆಯ ಕಂಪನಿ ಬಿಟ್ಟು ಹೊಸದಕ್ಕೆ ಸೇರಿದ್ದಾನೆ, ಇಕಾಮಾ ಪರವಾನಗಿ ಇನ್ನೂ ಹೊಸ ಕಂಪನಿಗೆ ವರ್ಗವಾಗಿಲ್ಲ, ಅದಾಗದೆ ದೇಶ ಬಿಟ್ಟು ಹೊರಡುವ ಹಾಗಿಲ್ಲ, ಇನ್ನು ನಾಲ್ಕೈದು ತಿಂಗಳಾಗಬಹುದು. ಮದುವೆಯ ಹಾಲ್ ಮಾತ್ರ ಡಿಸೆಂಬರ್ ಇಪ್ಪತ್ತೆರಡಕ್ಕೆ ಬುಕ್ ಆಗಿದೆ. ಹಾಗಾಗಿ ಅವನ ಅಣ್ಣ ವಕೀಲನಾಗಿ ಕೂತು ಅವನ ಪರವಾಗಿ ಒಪ್ಪಿಕೊಳ್ಳಲಿ, ಅವನು ವಿಡಿಯೋದಲ್ಲಿ ನೋಡಲಿ ಎಂದು ಹಿರಿಯರು ತೀರ್ಮಾನ ಮಾಡಿದರು. ಧರ್ಮದಲ್ಲಿ ತಡೆಯಿಲ್ಲ ಎಂದು ಮಸೀದಿಯ ಖತೀಬರನ್ನು ಕೇಳಿಯೂ ಆಯಿತು. ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನು. ನೀನು ಬೇಡವೆಂದಾಗ, "ನಾನೂ ಹಾಗೇ ಆದದ್ದು. ನನಗೆಂತ ಕಡಿಮೆ ಆಯ್ತು?" ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ನನಗೇ ಯಾವತ್ತೂ ಕೇಳಿಕೊಂಡಿರಲಿಲ್ಲ ಎಂದು ಹೋದ ಶುಕ್ರವಾರ ಗೊತ್ತಾಯಿತು.

ಮೇಲಿನ ಮಹಡಿಯ ವಂದನಾ ಗೊತ್ತಲ್ಲ, ಮೈಸೂರಿನವಳು. ಗಂಡ ಆಫೀಸಿನ ಕೆಲಸಕ್ಕೆ ರಿಯಾದಿಗೆ ಹೋದಾಗಲೆಲ್ಲ ಅವಳಿಗೆ ಊರು ನೋಡುವ ಹುಮ್ಮಸ್ಸು ಬರುತ್ತದೆ. ಬಲದ್‌ನ ಹಳೆಯ ಓಣಿಯಲ್ಲಿ ಒಂದು ವ್ಯಾಪಾರಿ ಮನೆತನದವರು ತಮ್ಮ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರಂತೆ, ಹೋಗಲೇಬೇಕು ಎಂದು ಕೂತಳು. ನಿನ್ನ ಬಾಪ ಇಪ್ಪತ್ತೊಂಬತ್ತು ವರ್ಷದಿಂದ ಜಿದ್ದಾದಲ್ಲಿದ್ದಾರೆ, ಬಲದ್‌ಗೆ ಸಾಮಾನು ತರಲಿಕ್ಕೆ ಬಿಟ್ಟು ಹೋದವರಲ್ಲ. ಹಳೇ ಪಾತ್ರೆ ನೋಡಲಿಕ್ಕೆ ಟಿಕೆಟು ಬೇರೆಯಾ ಎಂದು ಗೊಣಗುತ್ತ ಕಾರು ತೆಗೆದರು. ಕಾರು ನಿಲ್ಲಿಸಲಿಕ್ಕೆ ಜಾಗ ಸಿಗುವವರೆಗೂ ಗೊಣಗಿದರು.

ಮರದ ಜಾಲಂಧ್ರದ ಕಿಟಕಿಗಳ ದೊಡ್ಡ ಮನೆ. ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ ಹಜ್ಜಿಗೆ ಬಂದು ಈ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದವರು ಕೊಟ್ಟುಹೋದ ವಸ್ತುಗಳನ್ನು ಇಟ್ಟಿದ್ದಾರೆ. ಚೀನಾದ ತಟ್ಟೆ, ನಮ್ಮ ಕಡೆಯ ಗಂಧದ ಪೆಟ್ಟಿಗೆ, ಎಲ್ಲಿಯದೋ ತಸ್ಬೀಹ್ ಮಣಿಸರ. ನಡುವೆ ಒಂದೇ ಒಂದು ಗಾಜಿನ ಕಪಾಟಿಗೆ ಬೇರೆಯಾಗಿ ದೀಪ ಹಾಕಿತ್ತು. ಅದರೊಳಗೆ ಒಂದು ಬಾಕು. ಕೆರಿಸ್, ಜಾವಾ ದ್ವೀಪ, ಸುಮಾರು ಇನ್ನೂರು ವರ್ಷ ಹಳೆಯದು, ಯಾತ್ರೆಗೆ ಬಂದು ಮಕ್ಕಾದಲ್ಲೇ ಉಳಿದುಬಿಟ್ಟ ಒಬ್ಬ ಗುರು ಈ ಮನೆಯವರಿಗೆ ಕೊಟ್ಟದ್ದು ಎಂದು ಕೆಳಗೆ ಬರೆದಿತ್ತು.

ನಾನು ಮೊದಲು ಅಂದುಕೊಂಡದ್ದು, ಪಾಪ, ಬಿದ್ದು ಸೊಟ್ಟಗಾಗಿದೆ ಎಂದು. ನೆಟ್ಟಗಿರಬೇಕಾದ ಅಲಗು ಹಾವಿನ ಹಾಗೆ ಬಳುಕಿ ಬಳುಕಿ ಕೆಳಗಿಳಿದಿತ್ತು. ನಿನ್ನ ಬಾಪ ಒಮ್ಮೆ ನೋಡಿ, "ಇದ್ರಲ್ಲಿ ಬಂಗುಡೆ ಕೊಯ್ಲಿಕ್ಕೆ ಆಗ್ಲಿಕ್ಕಿಲ್ಲ" ಎಂದು ತೀರ್ಪು ಕೊಟ್ಟು ಮುಂದೆ ಹೋದರು. ವಂದನಾಳಿಗೆ ನಗು ತಡೆಯಲಿಕ್ಕಾಗಲಿಲ್ಲ. ಆದರೆ ನಾನು ನಿಂತಲ್ಲೇ ನಿಂತೆ, ಅಸೀಲಾ. ಅದನ್ನು ಬಿಟ್ಟು ಹೋಗಲಿಕ್ಕೆ ಮನಸ್ಸಾಗಲಿಲ್ಲ.

ಹತ್ತಿರ ಹೋದರೆ ಆ ಅಲಗು ಒಂದೇ ಬಣ್ಣದ್ದಲ್ಲ. ಕಪ್ಪಿನ ಒಳಗೆ ಬೆಳ್ಳಿಯ ಹಾಗೆ ಸಣ್ಣ ಸಣ್ಣ ಗೆರೆಗಳು. ಉಳ್ಳಾಲದ ಕಡಲತೀರದಲ್ಲಿ ತೆರೆ ಹಿಂದೆ ಸರಿದ ಮೇಲೆ ಮರಳಿನಲ್ಲಿ ಉಳಿಯುತ್ತದಲ್ಲ, ಅಂಥ ಗೆರೆ. ಯಾರೋ ಬರೆದದ್ದಲ್ಲ, ಕೆತ್ತಿದ್ದೂ ಅಲ್ಲ, ಕಬ್ಬಿಣದ ಒಳಗಿನಿಂದಲೇ ಎದ್ದು ಬಂದದ್ದು. ಹಿಡಿಯಲ್ಲಿ ಒಬ್ಬ ಸಣ್ಣ ಮನುಷ್ಯ ಕೈಕಟ್ಟಿ ಬಗ್ಗಿ ಕೂತ ಹಾಗೆ ಮರದ ಕೆತ್ತನೆ, ಎಷ್ಟು ಅಂಗೈ ಸವರಿತ್ತೋ ಏನೋ, ಮುಖ ಸವೆದು ನುಣ್ಣಗಾಗಿತ್ತು. ಪಕ್ಕದಲ್ಲಿ ಒರೆ, ಅದರ ತಲೆಯ ಕಡೆ ದೋಣಿಯ ಆಕಾರ. ಇನ್ನು ಆ ಅಲಗು ಹಿಡಿಯ ಹತ್ತಿರ ಒಂದು ಬದಿಗೆ ಮಾತ್ರ ಅಗಲವಾಗಿದೆ, ಎರಡು ಬದಿ ಸಮ ಇಲ್ಲ. ಸಮ ಇಲ್ಲದ್ದೂ ಇಷ್ಟು ಚಂದ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮುಂದೆ ಹೋಗಿದ್ದ ನಿನ್ನ ಬಾಪ ವಾಪಸು ಬಂದು ಕನ್ನಡಕ ಹಾಕಿಕೊಂಡರು. ಸ್ಪೇರ್ ಪಾರ್ಟ್ಸ್ ಅಂಗಡಿಯ ಮನುಷ್ಯ, ಲೋಹ ಕಂಡರೆ ಮಾತು ನಿಲ್ಲುತ್ತದೆ. ತುಂಬ ಹೊತ್ತು ನೋಡಿ, ಇದು ಒಂದೇ ಕಬ್ಬಿಣ ಅಲ್ಲ, ಎರಡು ಜಾತಿಯದ್ದನ್ನು ಒಟ್ಟಿಗೆ ಇಟ್ಟು ಬೆಂಕಿಯಲ್ಲಿ ಮಡಚಿ ಮಡಚಿ ಬಡಿದದ್ದು, ಈಗಿನ ಮೆಷಿನ್ನಿಗೂ ಇದು ಕಷ್ಟ ಎಂದರು. ಬಂಗುಡೆಯ ಮಾತು ಮತ್ತೆ ಎತ್ತಲಿಲ್ಲ.

ಬಳುಕು ಎಷ್ಟಿದೆ ಎಂದು ನಾನೂ ವಂದನಾಳೂ ಎಣಿಸಿದೆವು. ಅವಳದು ಎಂಟು, ನನ್ನದು ಒಂಬತ್ತು. "ಅಲ್ಲಾ ಕಣ್ರೀ, ಸರಿಯಾಗಿ ನೋಡಿ, ಎಂಟೇ ಇರೋದು" ಎಂದು ಅವಳು ಪಟ್ಟು ಹಿಡಿದಳು. ಆಗ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಎದ್ದು ಬಂದಳು. ಅಬಾಯಾದ ಮೇಲೆ ಮ್ಯೂಸಿಯಂನ ಹಸಿರು ಪಟ್ಟಿ, ನನ್ನದೇ ವಯಸ್ಸು. ಹಿಡಿಯ ಹತ್ತಿರದ ಮೊದಲನೆಯ ಬಳುಕನ್ನು ವಂದನಾ ಬಿಟ್ಟಿದ್ದಾಳೆ, ಒಂಬತ್ತೇ ಸರಿ, ಬಳುಕಿನ ಲೆಕ್ಕ ಯಾವಾಗಲೂ ಬೆಸ ಸಂಖ್ಯೆಯೇ ಎಂದಳು. ಹೆಸರು ಸುಮಿಯಾತಿ, ಜಾವಾದವಳು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ನಮ್ಮದು ಅರ್ಧ ಅರಬ್ಬಿ, ಅರ್ಧ ಉರ್ದು, ಉಳಿದದ್ದು ಕೈಸನ್ನೆ. ಆದರೂ ಒಂದು ಮಾತೂ ತಪ್ಪಿಹೋಗಲಿಲ್ಲ.

ಈ ಕಪಾಟಿನ ಗಾಜನ್ನು ಬೇರೆ ಯಾರಿಗೂ ಒರೆಸಲು ಬಿಡುವುದಿಲ್ಲವಂತೆ ಅವಳು. ತನ್ನ ಊರಿನಲ್ಲಿ ವರ್ಷಕ್ಕೊಮ್ಮೆ ಮನೆಯ ಕೆರಿಸನ್ನು ಲಿಂಬೆರಸದಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಹಣೆಗೆ ಮುಟ್ಟಿಸಿ ಒರೆಗೆ ಹಾಕುತ್ತಾರೆ ಎಂದಳು. ಅದು ಬರೀ ಆಯುಧ ಅಲ್ಲ, ಆ ಮನೆಯ ಗಂಡಸಿನ ಗೌರವ. ಎಷ್ಟರ ಮಟ್ಟಿಗೆ ಎಂದರೆ, ಮದುಮಗ ಸಮುದ್ರದಾಚೆ ಸಿಕ್ಕಿಹಾಕಿಕೊಂಡು ಮದುವೆಗೆ ಬರಲಾಗದಿದ್ದರೆ ಅವನ ಕೆರಿಸನ್ನು ಕಳಿಸುತ್ತಿದ್ದರು. ಮದುಮಗಳ ಪಕ್ಕದಲ್ಲಿ ಅದನ್ನೇ ಇಟ್ಟು ಮದುವೆ ಮಾಡುತ್ತಿದ್ದರು. ಅವಳ ಅಜ್ಜಿಯ ಅಕ್ಕನಿಗೆ ಹಾಗೇ ಆದದ್ದಂತೆ.

ನನಗೆ ಜೋರಾಗಿ ನಗು ಬಂತು. ನಿನ್ನ ಬಾಪನ ಕಡೆ ನೋಡಿದೆ. ಅವರು ತಮ್ಮ ಎಡಗೈಯ ಗಡಿಯಾರ ನೋಡಿಕೊಳ್ಳುತ್ತಿದ್ದರು.

ನಮ್ಮ ಆಲ್ಬಮ್ಮಿನ ಮೊದಲ ಪುಟ ನೆನಪು ಮಾಡಿಕೋ. ಹಸಿರು ಸೀರೆಯಲ್ಲಿ ನಾನು, ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಜರಿಯ ಬಟ್ಟೆ, ಅದರ ಮೇಲೆ ಒಂದು ಕೈಗಡಿಯಾರ. ಚಿಕ್ಕವಳಿದ್ದಾಗ ಬಾಪ ಎಲ್ಲಿ ಎಂದು ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದಿ. ಅವರು ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ, ರಜೆ ಇಲ್ಲ. ಊರಿಗೆ ಬಂದ ಅಯ್ಯೂಬ್ ಮಾಮನ ಕೈಯಲ್ಲಿ ಗಡಿಯಾರ ಕಳಿಸಿದ್ದರು. ಅವರ ಪರವಾಗಿ ಕೂತ ವಕೀಲರ ಜೊತೆ ನಿಕಾಹ್, ಪಕ್ಕದ ಮನೆಯ ಫೋನಿಗೆ ಜಿದ್ದಾದಿಂದ ಕರೆ. ಗಡಿಯಾರ ಇಲ್ಲಿಯ ಸಮಯಕ್ಕೇ ಇತ್ತು, ಊರಿನದಕ್ಕಿಂತ ಎರಡೂವರೆ ಗಂಟೆ ಹಿಂದೆ. ತಿರುಗಿಸಿ ಸರಿಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಆಮೇಲೆ ಹದಿನಾಲ್ಕು ತಿಂಗಳು ನಾನು ಆ ಗಡಿಯಾರದ ಜೊತೆ ಸಂಸಾರ ಮಾಡಿದೆ. ಬೆಳಿಗ್ಗೆ ಕೀಲಿ ಕೊಡುವುದು, ಈಗ ಅವರು ಎದ್ದಿರಬಹುದು, ಈಗ ಅಂಗಡಿಗೆ ಹೋಗಿರಬಹುದು ಎಂದುಕೊಳ್ಳುವುದು. ನನಗೆಂತ ಕಡಿಮೆ ಆಯಿತು ಎಂದು ನಿನ್ನನ್ನು ಕೇಳಿದೆನಲ್ಲ, ಇದು ಕಡಿಮೆ ಆಯಿತು. ಇಪ್ಪತ್ತೇಳು ವರ್ಷ ಇದನ್ನು ತಮಾಷೆಯಾಗಿ ಹೇಳಿಕೊಂಡು ಬಂದೆ. ಸುಮಿಯಾತಿಯ ಎದುರು ನಗುತ್ತ ನಿಂತಾಗ ನನಗೆ ಅಳು ಬಂತು.

ವಂದನಾ ಸುಮ್ಮನಿರುವವಳಾ? ಮದುಮಗಳು ಬರಲಿಕ್ಕಾಗದಿದ್ದರೆ ಅವಳ ಬದಲು ಏನು ಇಡುತ್ತೀರಿ ಎಂದು ಕೇಳಿದಳು. ಸುಮಿಯಾತಿ ಅವಳನ್ನು ಹುಚ್ಚಿ ಎಂಬಂತೆ ನೋಡಿದಳು.

"ಮದುಮಗಳ ಬದಲು ಇಡುವಂಥದ್ದು ಯಾವುದೂ ಇಲ್ಲ. ಅವಳು ಇರಲೇಬೇಕು" ಎಂದಳು.

ವಂದನಾ ನಕ್ಕಳು. ನಾನು ನಗಲಿಲ್ಲ.

ಕಾರಿನಲ್ಲಿ ಕೂತಾಗಲೇ ತೀರ್ಮಾನವಾಗಿತ್ತು. ಅಲ್ಲೇ ಹೇಳಿದೆ: ಫವಾಝ್ ತನ್ನ ಎರಡು ಕಾಲಲ್ಲಿ ನಡೆದು ಬಂದು ಕೂರದೆ ನನ್ನ ಮಗಳ ನಿಕಾಹ್ ಇಲ್ಲ. ನಿನ್ನ ಬಾಪ ಗಾಬರಿಯಾದರು. "ಕಾರ್ಡ್ ಪ್ರಿಂಟ್ ಆಗಿದೆ ಕುಲ್ಸು, ಜನ ಎಂತ ಹೇಳ್ತಾರೆ?" ಎಂದರು. ಜನ ಒಂದು ವಾರ ಹೇಳುತ್ತಾರೆ, ಎರಡನೆಯ ವಾರಕ್ಕೆ ಅವರಿಗೆ ಬೇರೆ ಮನೆ ಸಿಗುತ್ತದೆ ಎಂದೆ. ಮನೆಗೆ ಬಂದು ಲಿಫ್ಟು ಹತ್ತಿದ ಮೇಲೆ ಅವರು, ಆ ಗಡಿಯಾರ ಕಳಿಸಿದ ದಿನ ತಾನು ರೂಮಿನಲ್ಲಿ ಯಾರಿಗೂ ಕಾಣದ ಹಾಗೆ ಕೂತಿದ್ದೆ ಎಂದರು. ಇದುವರೆಗೆ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಅವರು ಅಂಗಡಿಗೆ ಹೋದ ಕೂಡಲೆ ಫೋನು ಹಿಡಿದು ಕೂತೆ. ಮೊದಲು ಫವಾಝ್‌ನ ಉಮ್ಮ ಖೌಲಾಳಿಗೆ. ಅವಳು ಗಟ್ಟಿ ಹೆಂಗಸು, ಸುಲಭಕ್ಕೆ ಬಗ್ಗುವುದಿಲ್ಲ. ನೆಂಟರಿಗೆಲ್ಲ ಹೇಳಿ ಆಗಿದೆ, ಮುಖ ತೋರಿಸುವುದು ಹೇಗೆ ಎಂದಳು. ನಿಮ್ಮ ಮಗ ಬಂದಾಗ ಅವನ ಮುಖವನ್ನೇ ತೋರಿಸೋಣ ಎಂದೆ. ಫೋನು ಇಟ್ಟಳು. ಹತ್ತು ನಿಮಿಷ ಬಿಟ್ಟು ತಾನೇ ಮಾಡಿ, ಹಾಗಾದರೆ ರಂಜಾನ್ ಕಳೆದ ಮೇಲೆ ಯಾವ ದಿನ ಎಂದು ಕೇಳಿದಳು. ದಿನ ಈಗ ಹೇಳುವುದಿಲ್ಲ, ಊರಿಗೆ ಬಂದು ಹೇಳುತ್ತೇನೆ ಎಂದೆ.

ಆಮೇಲೆ ಮೂಸಾ ಮಾಮ. ಅವನು ಕೂಗಾಡಿದ್ದು ನಿನಗೆ ಪಕ್ಕದ ಕೋಣೆಗೇ ಕೇಳಿರಬೇಕು. ಗಂಡಸರು ತೀರ್ಮಾನ ಮಾಡಿದ್ದನ್ನು ನೀನು ಜಿದ್ದಾದಲ್ಲಿ ಕೂತು ಒಡೆಯುವುದಾ ಎಂದ. ಹೌದು, ಇನ್ನು ನಿನ್ನ ಎದುರಿಗೇ ಬಂದು ಒಡೆಯುತ್ತೇನೆ ಎಂದೆ. ಕೊನೆಗೆ ಫವಾಝ್‌ಗೆ. ಪಾಪದ ಹುಡುಗ, "ಮಾಮಿ, ನಂಗೂ ಇದೇ ಬೇಕಿತ್ತು, ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ" ಎಂದ. ಧೈರ್ಯ ಇಲ್ಲದವರೇ ಸೇರಿ ಎಂಥ ದೊಡ್ಡ ಮದುವೆ ಮಾಡಲಿಕ್ಕೆ ಹೊರಟಿದ್ದೆವು ನೋಡು.

ಡಿಸೆಂಬರ್ ಐದಕ್ಕೆ ಟಿಕೆಟು ಮಾಡಿಸಿದ್ದೇನೆ. ನಿನ್ನ ಬಾಪನನ್ನೂ ಕರೆದುಕೊಂಡು ಬರುತ್ತೇನೆ, ರಜೆ ಕೇಳಲು ನಾಚಿಕೆಯಾದರೆ ನಾನೇ ಅಂಗಡಿಗೆ ಹೋಗಿ ಕೇಳುತ್ತೇನೆ ಎಂದಿದ್ದೇನೆ. ಆ ಬೆದರಿಕೆಗೇ ರಜೆ ಸಿಕ್ಕಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಸ್ಪತ್ರೆಯಲ್ಲಿ ಬೇರೆಯವರ ಬೆನ್ನು ನೆಟ್ಟಗೆ ಮಾಡುತ್ತ ನಿನ್ನ ಬೆನ್ನು ಬಗ್ಗಿಸಿಕೊಳ್ಳಬೇಡ. ಆ ಬಾಕುವಿನ ಒಂದು ಫೋಟೋ ವಂದನಾ ತೆಗೆದುಕೊಟ್ಟಿದ್ದಾಳೆ, ಜೊತೆಗಿದೆ. ಬಳುಕು ಎಣಿಸಿ ನೋಡು, ಹಿಡಿಯ ಹತ್ತಿರದ್ದನ್ನು ಬಿಡಬೇಡ. ನಿನ್ನ ಕೈಗೆ ಬಂದ ನೋವಿನವರಿಗೆಲ್ಲ ಅಲ್ಲಾಹನು ಆರಾಮ ಕೊಡಲಿ, ನಿನ್ನ ಕೈಗೆ ಬಲವನ್ನೂ ನಿನ್ನ ಮನಸ್ಸಿಗೆ ನೆಮ್ಮದಿಯನ್ನೂ ಕೊಡಲಿ.

ನಿನ್ನ ಪ್ರೀತಿಯ,
ಉಮ್ಮ
(ಉಮ್ಮೆ ಕುಲ್ಸುಮ್)

ತಾ.ಕ.: ಎರಡನೆಯ ಪ್ರಶ್ನೆ. "ನನ್ನನ್ನು ಯಾರು ಕೇಳಿದ್ದು ಉಮ್ಮಾ?" ಎಂದಿದ್ದಿ. ನಾನು ಹಲೋ ಹಲೋ, ಏನೂ ಕೇಳಿಸುವುದಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು.

ಯಾರೂ ಕೇಳಲಿಲ್ಲ, ಮಗಳೇ. ಜುಲೈಯಲ್ಲಿ ಖೌಲಾ ಫೋನು ಮಾಡಿ ಹುಡುಗಿಗೆ ಒಪ್ಪಿಗೆ ಉಂಟಲ್ಲ ಎಂದು ಕೇಳಿದಾಗ ನೀನು ಡ್ಯೂಟಿಯಲ್ಲಿದ್ದಿ. ಉಂಟು ಎಂದವಳು ನಾನು. ಸಂಜೆ ನಿನಗೆ ಸುದ್ದಿ ಹೇಳಿದೆ, ಪ್ರಶ್ನೆ ಕೇಳಲಿಲ್ಲ. ನೀನು ಸುಮ್ಮನಿದ್ದದ್ದನ್ನು ನಾಚಿಕೆ ಎಂದು ಎಲ್ಲರಿಗೂ ಹೇಳಿದೆ.

ನನಗೂ ಹಾಗೇ ಆದದ್ದು, ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕೇಳಲೇಬೇಕೆಂದು ನಮ್ಮ ಧರ್ಮ ಹೇಳುತ್ತದೆ, ಅವರು ಕೇಳಿದರು ಕೂಡ. ದೊಡ್ಡಪ್ಪ ಇಬ್ಬರು ಸಾಕ್ಷಿಗಳ ಜೊತೆ ಬಾಗಿಲ ಪರದೆಯ ಆಚೆ ನಿಂತು, ಒಪ್ಪಿಗೆ ಉಂಟಾ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಖದೀಜತ್ ಮಾಮಿ, "ಒಪ್ಪಿದ್ಳು, ಒಪ್ಪಿದ್ಳು, ಬೇಗ ಹೋಗಿ, ಫೋನಿನ ಲೈನು ಕಟ್ಟಾಗ್ತದೆ" ಎಂದಳು. ಅವರು ಹೋದರು. ನಾನು ಹೌದು ಎನ್ನುತ್ತಿದ್ದೆನೋ ಏನೋ, ಬಹುಶಃ ಎನ್ನುತ್ತಿದ್ದೆ. ನಿನ್ನ ಬಾಪ ಒಳ್ಳೆಯ ಮನುಷ್ಯ. ಆದರೆ ಆ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಮದುಮಗಳ ಬದಲು ಇಡುವಂಥದ್ದು ಯಾವುದೂ ಇಲ್ಲ ಎಂದಳಲ್ಲ ಸುಮಿಯಾತಿ, ನಮ್ಮ ಮನೆಯಲ್ಲಿ ಇತ್ತು. ನನಗೆ ಮಾಮಿ, ನಿನಗೆ ನಾನು.

ಇದನ್ನೆಲ್ಲ ಭಾನುವಾರ ನಿನ್ನ ಬಾಪನಿಗೆ ಹೇಳಿದೆ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, "ಕುಲ್ಸು, ನಿನಗೆ ಒಪ್ಪಿಗೆ ಉಂಟಾ?" ಎಂದು ಕೇಳಿದರು. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಅಂದಿನಿಂದ ದಿನಾ ಬೆಳಿಗ್ಗೆ ಅವರೇ ಚಹಾ ಮಾಡಿ, ಕೇಳಿ, ಅಂಗಡಿಗೆ ಹೋಗುತ್ತಾರೆ. ನಾನಿನ್ನೂ ಹೇಳಿಲ್ಲ.

ಖೌಲಾಳಿಗೆ ದಿನ ಕೊಡದೆ ಇಟ್ಟದ್ದು ಇದಕ್ಕೇ. ನನ್ನ ಉತ್ತರ ನನಗೆ ಗೊತ್ತುಂಟು. ನಿನ್ನದು ನನಗೆ ಗೊತ್ತಿಲ್ಲ. ಅದನ್ನು ಕೇಳಲಿಕ್ಕೇ ಬರುತ್ತಿದ್ದೇನೆ. ಇಲ್ಲ ಎಂದರೂ ಅದನ್ನು ನಾನೇ ಹೋಗಿ ಎಲ್ಲರಿಗೂ ಹೇಳುತ್ತೇನೆ, ಒಂದು ಅಕ್ಷರ ಬದಲಿಸದೆ.